ಹಿಂದಕ್ಕಿಟ್ಟ ಒಂದು ಹೆಜ್ಜೆ

"ಸೋಮವಾರ. ಬಿದ್ದರು. ಎಬ್ಬಿಸಿದೆವು. ಚಹಾ ಕುಡಿದರು."

ನಾನು ಕೊಟ್ಟಿದ್ದ ನೋಟ್‌ಬುಕ್ಕಿನಲ್ಲಿ ಅಮ್ಮಾವ್ರು ಬರೆದ ಮೊದಲ ನಮೂದು ಇದು. ಸ್ಕೇಲು ಹಿಡಿದು ಗೆರೆ ಎಳೆದು ಐದು ಕಾಲಂ ಮಾಡಿ ಕೊಟ್ಟಿದ್ದೆ: ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ, ಗುಳಿಗೆ ನುಂಗಿ ಎಷ್ಟು ಹೊತ್ತಾಗಿತ್ತು, ಬೀಳುವಾಗ ಏನು ಮಾಡುತ್ತಿದ್ದರು. ಅಮ್ಮಾವ್ರು ಐದೂ ಕಾಲಂಗಳ ಮೇಲೆ ಅಡ್ಡಡ್ಡ ಒಂದೇ ಸಾಲು ಬರೆದು ಮುಗಿಸಿದ್ದರು. ಚಹಾ ಕುಡಿದದ್ದಕ್ಕೆ ಕಾಲಂ ಇಡದಿದ್ದದ್ದು ನನ್ನ ಲೋಪವೆಂದು ಅವರು ಭಾವಿಸಿದಂತಿತ್ತು.

ನಾನು ಫಿಸಿಯೋಥೆರಪಿಸ್ಟ್. ನಾರಾಯಣಗೂಡದ ಓಣಿಯೊಂದರಲ್ಲಿ, ಎರಡು ಕೋಚಿಂಗ್ ಸೆಂಟರ್‌ಗಳ ನಡುವೆ ಸಿಕ್ಕಿಕೊಂಡಿರುವ ಸಣ್ಣ ಮಳಿಗೆಯಲ್ಲಿ ನನ್ನ ಕೆಲಸ. ಓಣಿಯವರ ಪಾಲಿಗೆ ನಾನು ಮಾಲೀಷ್ ಡಾಕ್ಟರ್. ಈ ಬಿರುದನ್ನು ಪ್ರತಿಭಟಿಸುವುದನ್ನು ಬಿಟ್ಟು ಬಹಳ ವರ್ಷಗಳಾದವು. ಅಮ್ಮಾವ್ರು ಎಂದರೆ ನನ್ನ ಗಣಿತದ ಮಾಸ್ತರರ ಹೆಂಡತಿ. ಮಾಸ್ತರರು ಈ ತೆಲುಗು ಊರಿನ ಕನ್ನಡ ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟವರು. ನನಗೂ ಹೇಳಿಕೊಟ್ಟಿದ್ದರು. ನನಗೆ ಬಂದ ಅಂಕಗಳನ್ನು ಇಲ್ಲಿ ನಮೂದಿಸುವುದು ಅವರಿಗೆ ಅಗೌರವ.

ಅವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ ಆರು ವರ್ಷವಾಗಿತ್ತು. ಕೆಲವರಲ್ಲಿ ಅದು ಕೈಯ ನಡುಕವಾಗಿ ಕಾಣಿಸಿಕೊಳ್ಳುತ್ತದೆ. ಇವರಲ್ಲಿ ನೇರವಾಗಿ ನಡಿಗೆಯೊಳಗೆ ಬಂದು ಕೂತಿತ್ತು. ಹೆಜ್ಜೆ ಗೇಣುದ್ದಕ್ಕೆ ಇಳಿದಿತ್ತು. ಬಾಗಿಲ ಹೊಸ್ತಿಲ ಮುಂದೆ ಬಂದರೆ ಪಾದಗಳೆರಡೂ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದವು. ತಿರುಗುವಾಗ ಮೈ ತಿರುಗಿದರೂ ಕಾಲು ತಿರುಗುತ್ತಿರಲಿಲ್ಲ. ಶ್ರಾವಣದ ಹೊತ್ತಿಗೆ ಬೀಳುವುದು ಶುರುವಾಯಿತು.

ಮಗಳು ಬೇಗಂಪೇಟೆಯ ಕಚೇರಿಯೊಂದರಲ್ಲಿ ಅಧಿಕಾರಿ. ತಂದೆತಾಯಿಯ ಜತೆಗೇ ಇರುವಾಕೆ, ಮಾತು ಕಡಿಮೆ. ಮೊದಲ ದಿನವೇ ನನಗೆ ಸ್ಪಷ್ಟವಾಗಿ ಹೇಳಿಬಿಟ್ಟಳು. ಅಬಿಡ್ಸ್‌ನ ಅಂಗಡಿಯಲ್ಲಿ ಗಾಲಿಕುರ್ಚಿ ನೋಡಿ ಬಂದಿದ್ದಾಳೆ. ದಸರಾ ಆದ ಮೇಲೆ ಒಂದು ಭಾನುವಾರ ಅಪ್ಪ ತನ್ನೆದುರು ಹೊರಗೆ ಹೋಗಿ ಬಂದು ತೋರಿಸಬೇಕು. ಅಂದು ಬಿದ್ದರೆ ಕುರ್ಚಿ ಮನೆಗೆ ಬರುತ್ತದೆ, ಅಪ್ಪ ಮನೆಯಿಂದ ಹೊರಗೆ ಹೋಗುವುದಿಲ್ಲ.

ಹೊರಗೆ ಎಂದರೆ ಬಹಳ ದೂರವಲ್ಲ. ಓಣಿಯ ತುದಿಯಲ್ಲಿ ಒಂದು ಹಳೆಯ ವಾಚನಾಲಯವಿದೆ. ಅದರ ಜಗುಲಿಯ ಬೆಂಚಿನ ಮೇಲೆ ದಿನಾ ಬೆಳಿಗ್ಗೆ ಮೂವರು ನಿವೃತ್ತರು ಕೂತು, ಒಂದು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯನ್ನು ಒಂದು ದಿನ ತಡವಾಗಿಯೇ ಕೋಪಿಸಿಕೊಂಡು ಓದುತ್ತಾರೆ. ಮಾಸ್ತರರು ನಾಲ್ಕನೆಯವರು. ಮನೆಯ ಗೇಟಿನಿಂದ ಬೆಂಚಿಗೆ ಅವರ ಹಳೆಯ ಲೆಕ್ಕದಲ್ಲಿ ಇನ್ನೂರಾ ಹತ್ತು ಹೆಜ್ಜೆ. ಗಾಲಿಕುರ್ಚಿಗೆ ಆ ಓಣಿಯಲ್ಲಿ ದಾರಿಯಿಲ್ಲ: ಎರಡೂ ಕಡೆ ಕೋಚಿಂಗ್ ವಿದ್ಯಾರ್ಥಿಗಳ ಬೈಕುಗಳು, ನಡುವೆ ಚರಂಡಿಯ ಕಲ್ಲುಗಳು, ಕೊನೆಗೆ ಜಗುಲಿಯ ಮೂರು ಮೆಟ್ಟಿಲು. ಕುರ್ಚಿ ಬಂದರೆ ಬೆಂಚು ಹೋಯಿತು.

ಮಾಸ್ತರರು ನನಗೆ ಹೇಳಿದ್ದು ಒಂದೇ ಮಾತು: "ಮನ್ಯಾಗ ಕುಂತು ಗೋಡಿ ನೋಡಾಕ ನಾ ಏನ್ ಗೋಡಿಗಡಿಯಾರೇನೋ?"

ಕೆಲಸ ಶುರು ಮಾಡಿದೆ. ಮೊದಲ ದಿನದ ಪರೀಕ್ಷೆಯಲ್ಲಿ ಅವರ ಹಿಂದೆ ನಿಂತು ಭುಜಗಳನ್ನು ಹಿಡಿದು ಜಗ್ಗಿದೆ. ಇದೊಂದು ಕ್ರಮ: ಆರೋಗ್ಯವಂತರು ಒಂದು ಹೆಜ್ಜೆ ಹಿಂದಿಟ್ಟು ಸಾವರಿಸಿಕೊಳ್ಳುತ್ತಾರೆ. ಮಾಸ್ತರರು ನಾಲ್ಕು ಪುಟ್ಟ ಹೆಜ್ಜೆ ಹಿಂದೆ ಓಡಿ ನನ್ನ ಎದೆಗೆ ಒರಗಿದರು. "ಹಿಂದಕ್ಕೆ ಜಗ್ಗಿದಾಗ ನಾಲ್ಕು ಹೆಜ್ಜೆ, ಹಿಡಿಯದಿದ್ದರೆ ಬೀಳುವರು" ಎಂದು ಹಾಳೆಯಲ್ಲಿ ಬರೆದು, ಅಡಿಗೆರೆ ಎಳೆದು, ಫೈಲಿನಲ್ಲಿಟ್ಟು ಮರೆತುಬಿಟ್ಟೆ. ಅಡಿಗೆರೆ ಎಳೆಯುವುದರಿಂದ ಬುದ್ಧಿ ಬರುವುದಿಲ್ಲ ಎಂಬುದನ್ನು ಶಾಲೆಯಲ್ಲೇ ಕಲಿಯಬೇಕಿತ್ತು.

ಆಮೇಲೆ ಮನೆಯವರ ಜತೆ ಯುದ್ಧ. ಮಾಸ್ತರರ ಕಾಲು ಹೊಸ್ತಿಲಲ್ಲಿ ನಿಂತುಬಿಟ್ಟರೆ ಅಮ್ಮಾವ್ರು ಮುಂದಿನಿಂದ ಕೈ ಹಿಡಿದು ಎಳೆಯುತ್ತಿದ್ದರು, ಮಗಳು ಹಿಂದಿನಿಂದ ದೂಡುತ್ತಿದ್ದಳು, ಕೆಲಸದಾಕೆ ಪಕ್ಕದಲ್ಲಿ ನಿಂತು ತೆಲುಗಿನಲ್ಲಿ ಧೈರ್ಯ ಹೇಳುತ್ತಿದ್ದಳು. ನಿಂತ ಕಾಲಿಗೆ ಇದಕ್ಕಿಂತ ಕೆಟ್ಟ ಚಿಕಿತ್ಸೆ ಇನ್ನೊಂದಿಲ್ಲ. ಎಳೆದಷ್ಟೂ ಅದು ಹೆಚ್ಚು ಅಂಟಿಕೊಳ್ಳುತ್ತದೆ. ಯಾರೂ ಮುಟ್ಟಬಾರದು, ಯಾರೂ ಮಾತಾಡಬಾರದು, ಅವರೇ ಒಮ್ಮೆ ನಿಂತು, ಮೈಭಾರವನ್ನು ಎಡಕ್ಕೆ ಬಲಕ್ಕೆ ತೂಗಿ, ಎದುರಿಗೆ ಒಂದು ಗೆರೆ ನೋಡಿ ಅದನ್ನು ದಾಟಬೇಕು ಎಂದು ಮೂವರಿಗೂ ಪಾಠ ಮಾಡಿದೆ. ಮೂವರೂ ತಲೆಯಾಡಿಸಿದರು. ಮರುದಿನ ಬಂದು ನೋಡಿದರೆ ಎಳೆಯುವುದು ದೂಡುವುದು ಹಾಗೆಯೇ ನಡೆದಿತ್ತು, ಕೆಲಸದಾಕೆ ಮಾತ್ರ ಸುಮ್ಮನಾಗಿದ್ದಳು.

ಗೆರೆಗೆಂದು ಪಡಸಾಲೆಯಿಂದ ಗೇಟಿನವರೆಗೆ ನೆಲಕ್ಕೆ ಕೆಂಪು ಟೇಪು ಅಂಟಿಸಿದೆ. ಮರುದಿನ ಟೇಪಿಲ್ಲ. ಒರೆಸಿದ ನೆಲದ ಮೇಲೆ ಅದು ನೋಡಲು ಅಸಹ್ಯವಾಗಿತ್ತೆಂದು ಅಮ್ಮಾವ್ರು ಕಿತ್ತು, ಅಷ್ಟಷ್ಟೇ ಅಂತರಕ್ಕೆ ಬಿಳಿ ರಂಗೋಲಿಯ ಗೆರೆ ಎಳೆದಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ಅದರ ಮೇಲೆ ನಡೆದು ತೋರಿಸಿದರು. ಟೇಪನ್ನು ತುಳಿಯುತ್ತಿದ್ದವರು ರಂಗೋಲಿಯನ್ನು ತುಳಿಯಲಿಲ್ಲ. ಪ್ರತಿ ಗೆರೆಯನ್ನೂ ಕಾಲೆತ್ತಿ, ಮೊಳದಷ್ಟು ಹೆಜ್ಜೆ ಹಾಕಿ ದಾಟಿದರು. ನನ್ನ ವಿದ್ಯೆಗೆ ಆದ ಈ ಅವಮಾನವನ್ನು ನುಂಗಿಕೊಂಡು, ಹಾಗೇ ಇರಲಿ ಎಂದೆ.

ಗುಳಿಗೆಯ ಹೊತ್ತನ್ನು ನರರೋಗದ ಡಾಕ್ಟರರ ಹತ್ತಿರ ಕೇಳಿ ಸರಿಪಡಿಸಿಕೊಂಡೆವು. ನುಂಗಿ ಮುಕ್ಕಾಲು ಗಂಟೆಯಾದ ಮೇಲೆ ಕಾಲು ಸಡಿಲಾಗುತ್ತಿತ್ತು, ಆಗಲೇ ಹೊರಡಬೇಕು. ಹಿಮ್ಮಡಿಗೆ ಪಟ್ಟಿ ಇಲ್ಲದ ಚಪ್ಪಲಿಯನ್ನು ನಾನೇ ಕಸದ ಬುಟ್ಟಿಗೆ ಹಾಕಿದೆ. ಅದು ಎರಡು ಸಲ ಬುಟ್ಟಿಯಿಂದ ಎದ್ದು ಬಂತು. ನಡೆಯುವಾಗ ಮಾತಾಡಬಾರದೆಂದು ಮಾಸ್ತರರಿಗೆ ಕಟ್ಟಪ್ಪಣೆ ಮಾಡಿದೆ. ವಾಚನಾಲಯದ ಮುಂದೆ ಗಕ್ಕನೆ ತಿರುಗದೆ, ಎತ್ತಿನ ಗಾಡಿ ತಿರುಗುವ ಹಾಗೆ ಅಗಲವಾಗಿ ಸುತ್ತು ಹಾಕಿ ತಿರುಗುವುದನ್ನು ಕಲಿಸಿದೆ. ನಡಿಗೆ ದಿನದಿಂದ ದಿನಕ್ಕೆ ಸುಧಾರಿಸಿತು. ಬೀಳುವುದು ಮಾತ್ರ ನಿಲ್ಲಲಿಲ್ಲ.

ಇದು ನನ್ನ ತಲೆ ಕೆಡಿಸಿತು. ನನ್ನೆದುರು ನಡೆದರೆ ಬೀಳದವರು ನಾನು ಬೆನ್ನು ತಿರುಗಿಸಿದ ಕೂಡಲೇ ಬೀಳುತ್ತಾರೆ. ನೋಟ್‌ಬುಕ್ ತೆಗೆದು ನೋಡಿದರೆ, ಬೀಳುವಾಗ ಏನು ಮಾಡುತ್ತಿದ್ದರು ಎಂಬುದಕ್ಕೆ ಅಮ್ಮಾವ್ರು ಆಮೇಲಿನ ಪ್ರತಿ ಸಾಲಿನಲ್ಲೂ ಒಂದೇ ಪದ ಬರೆದಿರುತ್ತಿದ್ದರು: "ನಿಂತಿದ್ದರು." ಸುಮ್ಮನೆ ನಿಂತವರು ಹೇಗೆ ಬೀಳುತ್ತಾರೆ, ಸರಿಯಾಗಿ ನೋಡಿ ಬರೆಯಿರಿ ಎಂದು ನಾನು ಸ್ವಲ್ಪ ಗಡುಸಾಗಿಯೇ ಹೇಳಿದೆ.

"ನಿಂತಿದ್ರು, ಬಿದ್ರು. ಇಲ್ಲದ್ದು ನಾ ಎಲ್ಲಿಂದ ತಂದು ಬರೀಲಿ?" ಎಂದರು ಅಮ್ಮಾವ್ರು.

ದಸರಾ ಬಂತು. ಈ ಊರಲ್ಲಿ ಅಂದು ಸಂಜೆ ಬನ್ನಿಯ ಎಲೆ ಹಿಡಿದುಕೊಂಡು ಹಿರಿಯರ ಮನೆಗೆ ಹೋಗುವುದು ರೂಢಿ. ಮಾಸ್ತರರ ಮನೆಗೆ ಬರುವವರಿಗೆ ಲೆಕ್ಕವಿಲ್ಲ. ನಾರಾಯಣಗೂಡದ ಕೋಚಿಂಗ್ ಸೆಂಟರ್‌ಗಳಲ್ಲಿ ಲೆಕ್ಕ ಹೇಳುವ ಹಲವರು ಅವರ ಕೈಯಲ್ಲೇ ಲೆಕ್ಕ ಕಲಿತವರು. ಮರುದಿನ ನೋಟ್‌ಬುಕ್ ಹೀಗಿತ್ತು: "ದಸರಾ. ಸಂಜೆ. ಪಡಸಾಲಿ. ನಿಂತಿದ್ದರು. ಬಿದ್ದರು. ಮತ್ತೆ ನಿಂತಿದ್ದರು. ಮತ್ತೆ ಬಿದ್ದರು." ಮಾಸ್ತರರ ಮೊಣಕೈ ಊದಿಕೊಂಡಿತ್ತು.

ನಾನು ಗಂಭೀರವಾಗಿ ವಿಚಾರಣೆ ನಡೆಸಿದೆ. ಮಧ್ಯಾಹ್ನ ಹೋಳಿಗೆ ಆಗಿತ್ತೆಂದು ತಿಳಿಯಿತು. ಎಷ್ಟು ತಿಂದರೆಂದು ಕೇಳಿದೆ. ನಾಲ್ಕು. ಅಪರಾಧಿ ಸಿಕ್ಕಿತು. ಬೇಳೆಯಲ್ಲಿ ಪ್ರೋಟೀನು ಹೆಚ್ಚು, ಅದು ಗುಳಿಗೆ ರಕ್ತಕ್ಕೆ ಸೇರುವುದಕ್ಕೆ ಅಡ್ಡ ಬರುತ್ತದೆ. ಆದ್ದರಿಂದ ಹೂರಣವೇ ಮಾಸ್ತರರನ್ನು ಬೀಳಿಸಿದ್ದು ಎಂದು ತೀರ್ಪು ಕೊಟ್ಟೆ. ಆ ಮನೆಯಲ್ಲಿ ಹೋಳಿಗೆ ನಿಷೇಧವಾಯಿತು. ಮಾಸ್ತರರು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಅಮ್ಮಾವ್ರು ನನಗೆ ಚಹಾ ಕೊಟ್ಟರು, ಸಕ್ಕರೆ ಹಾಕಲಿಲ್ಲ.

ಪರೀಕ್ಷೆಯ ಭಾನುವಾರ ಬಂತು. ಗುಳಿಗೆ ನುಂಗಿ ಮುಕ್ಕಾಲು ಗಂಟೆಗೆ ಸರಿಯಾಗಿ ಮಾಸ್ತರರು ಕೋಲು ಹಿಡಿದು ಗೇಟಿನಿಂದ ಹೊರಟರು. ಮಗಳು ಕೈಕಟ್ಟಿಕೊಂಡು ಹಿಂದೆ, ನಾನು ಒಂದು ಮೊಳ ಪಕ್ಕಕ್ಕೆ. ಗೇಟಿನ ಹೊಸ್ತಿಲನ್ನು ಗೆರೆಯಂತೆ ನೋಡಿ ದಾಟಿದರು. ಬೈಕುಗಳ ನಡುವಿನ ಇಕ್ಕಟ್ಟಿನಲ್ಲಿ ಒಮ್ಮೆ ಕಾಲು ನಿಂತಿತು. ಯಾರೂ ಎಳೆಯಲಿಲ್ಲ. ಎಡಕ್ಕೆ ಬಲಕ್ಕೆ ತೂಗಿ ತಾವೇ ಬಿಡಿಸಿಕೊಂಡರು. ಚರಂಡಿಯ ಕಲ್ಲು ದಾಟಿದರು. ವಾಚನಾಲಯದ ಮುಂದೆ ಅಗಲವಾದ ಸುತ್ತು ಹಾಕಿ ತಿರುಗಿದರು. ಬೆಂಚಿನ ಮೇಲಿದ್ದ ಮೂವರೂ ಪತ್ರಿಕೆ ಕೆಳಗಿಟ್ಟು ನೋಡುತ್ತಿದ್ದರು. ಮರಳಿ ಗೇಟಿಗೆ ಬಂದು ನಿಂತಾಗ ಮಗಳ ಮುಖದಲ್ಲಿ ನಗೆಯ ಹತ್ತಿರಕ್ಕೆ ಬರುವಂಥದ್ದೇನೋ ಕಂಡಿತು.

ಆಗ ನಾನು ಮಾಡಬಾರದ್ದನ್ನು ಮಾಡಿದೆ.

ದಿನವೂ ಕೆಲಸ ಮುಗಿಸಿ ಹೊರಡುವ ಮೊದಲು ಮಾಸ್ತರರ ಕಾಲು ಮುಟ್ಟುವುದು ನನ್ನ ರೂಢಿ. ದಿನವೂ ಅವರು ಆ ಹೊತ್ತಿಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅಂದು ನಿಂತಿದ್ದರು. ನಾನು ಬಗ್ಗಿದೆ. "ಬ್ಯಾಡೋ, ಇರಲಿ ಬಿಡು" ಎನ್ನುವುದು ಕೇಳಿಸಿತು. ನನ್ನ ಬೆರಳುಗಳಿಗೆ ಅವರ ಪಾದ ಸಿಗಲಿಲ್ಲ, ನೆಲ ಸಿಕ್ಕಿತು. ತಲೆ ಎತ್ತಿದರೆ ಮಾಸ್ತರರು ಸಂಕೋಚದಿಂದ ಒಂದು ಹೆಜ್ಜೆ ಹಿಂದಕ್ಕಿಟ್ಟಿದ್ದರು. ಆ ಒಂದು ಎರಡಾಗಿ, ಎರಡು ನಾಲ್ಕಾಗಿ, ಗೇಟಿನ ಕಂಬಕ್ಕೆ ಬೆನ್ನು ತಾಗಿ, ಜಾರಿ, ಕೂತುಬಿಟ್ಟರು. ಎಲುಬಿಗೆ ಏನೂ ಆಗಲಿಲ್ಲ. ಕಂಬಕ್ಕೆ ನಾನು ಇಂದಿಗೂ ಋಣಿ.

"ಅಂಗಡಿಗೆ ಫೋನ್ ಮಾಡ್ತೀನಿ" ಎಂದಳು ಮಗಳು. ಧ್ವನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಮಾಸ್ತರರನ್ನು ಒಳಗೆ ಮಲಗಿಸಿ ನಾನು ಪಡಸಾಲೆಯಲ್ಲಿ ಕೂತಿದ್ದೆ. ಅಮ್ಮಾವ್ರು ನೋಟ್‌ಬುಕ್ ಹಿಡಿದು ಬಂದರು.

"ಏನ್ ಬರೀಲಿ, ಡಾಕ್ಟರ? ನಿಂತಿದ್ರು ಅಂತ ಬರೀಲೋ, ನೀವ್ ನಮಸ್ಕಾರ ಮಾಡಿದ್ರಿ ಅಂತಾನೂ ಬರೀಲೋ?"

ನಾನು ನೋಟ್‌ಬುಕ್ಕನ್ನು ಅವರ ಕೈಯಿಂದ ತೆಗೆದುಕೊಂಡೆ. "ಅಮ್ಮಾರ, ಹಿಂದ ಬಿದ್ದಾಗೆಲ್ಲ ಎದುರಿಗೆ ಯಾರರ ಇದ್ರೇನ್ರಿ?"

"ಇರ್ತಾರಲ್ಲ ಮಂದಿ. ಹಾದ್ಯಾಗ ಸಿಗ್ತಾರ, ನಮಸ್ಕಾರ ಮಾಡ್ತಾರ. ದಸರಾದಾಗಂತೂ ಸಾಲ್ ಹಚ್ಚಿ ಮಾಡಿದ್ರು. ಅದನ್ನೂ ಬರೀಬೇಕಿತ್ತೇನ್ರಿ?"

ಒಂದೊಂದೇ ನಮೂದನ್ನು ಓದಿ ಕೇಳುತ್ತ ಹೋದೆ. ಅಂದಿನದೂ ಸೇರಿ ಹತ್ತು ಸಲ ಬಿದ್ದಿದ್ದರು. ಅದರಲ್ಲಿ ಎಂಟು ಸಲ ಯಾರೋ ಒಬ್ಬರು ಕಾಲು ಮುಟ್ಟಲು ಬಗ್ಗಿದ್ದರು. ನಮ್ಮ ಮಂದಿಗೆ ಅದು ಒಂದು ಘಟನೆಯೇ ಅಲ್ಲ. ಉಸಿರಾಡಿದ್ದನ್ನು ಯಾರಾದರೂ ಕಾಲಮ್ಮಿನಲ್ಲಿ ಬರೆಯುತ್ತಾರೆಯೇ? ಅಮ್ಮಾವ್ರು ಬರೆದದ್ದು ಅಕ್ಷರಶಃ ನಿಜವಾಗಿತ್ತು. ಮಾಸ್ತರರು ನಡೆಯುವಾಗ ಬಿದ್ದಿರಲಿಲ್ಲ, ನಿಂತಾಗಲೇ ಬಿದ್ದಿದ್ದರು. ಅವರನ್ನು ಬೀಳಿಸಿದ್ದು ಹೂರಣವಲ್ಲ, ಗೌರವ. ಮೊದಲ ದಿನದ ಹಾಳೆ ನೆನಪಾಯಿತು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಈ ಮನುಷ್ಯನ ಮೈ ತನ್ನನ್ನು ತಾನು ಹಿಡಿದುಕೊಳ್ಳುವುದಿಲ್ಲ ಎಂದು ನಾನೇ ಬರೆದಿದ್ದೆ, ಅಡಿಗೆರೆ ಸಮೇತ.

ಮಗಳಿಗೆ ವಿವರಿಸಿದೆ. ಹದಿನೈದು ದಿನ ಕೊಡು ಎಂದು ಕೇಳಿದೆ. ಕುರ್ಚಿ ಹೇಗೂ ಬರುತ್ತದೆ, ಹದಿನೈದು ದಿನ ಮಹಡಿಯ ಮೆಟ್ಟಿಲ ಕೆಳಗೆ ಇರುತ್ತದೆ, ಅಷ್ಟರೊಳಗೆ ಒಂದು ಸಲ ಬಿದ್ದರೂ ಪಡಸಾಲೆಗೆ ಬರುತ್ತದೆ ಎಂದಳು. ಅಮ್ಮಾವ್ರ ಕಡೆಗೆ ತಿರುಗಿ ಹೋಳಿಗೆಯ ನಿಷೇಧವನ್ನು ಹಿಂತೆಗೆದುಕೊಂಡಿದ್ದೇನೆಂದು ಘೋಷಿಸಿದೆ. ಯಾರೂ ಕೃತಜ್ಞತೆ ತೋರಿಸಲಿಲ್ಲ.

ಮೊದಲ ವಾರವೆಲ್ಲ ಹಾಳಾಯಿತು. ಹಿಂದಕ್ಕೆ ಸರಿಯಬಾರದೆಂದು ಮಾಸ್ತರರಿಗೆ ಕಲಿಸಲು ಹೊರಟೆ. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಹಿಂದಿನಿಂದ ಮಗಳ ಕೈಗೆ ಕೊಟ್ಟು, ಅವರ ಮುಂದೆ ನಾನು ಬಗ್ಗುವುದು. ದಿನಕ್ಕೆ ನಲವತ್ತು ಸಲ. ಅಷ್ಟು ನಮಸ್ಕಾರವನ್ನು ನಾನು ಯಾವ ದೇವರಿಗೂ ಮಾಡಿಲ್ಲ. ನಲವತ್ತು ಸಲವೂ ಅವರ ಕಾಲು ಹಿಂದಕ್ಕೇ ಹೋಗುತ್ತಿತ್ತು. ಸರ, ನಿಂತಲ್ಲೇ ನಿಂದರ್ರಿ ಎಂದು ಗೋಗರೆದೆ.

"ಯಾರರ ಕಾಲ್ ಮುಟ್ಟಾಕ ಬಂದ್ರ ಹಿಂದ ಸರೀಬೇಕೋ" ಎಂದರು. "ಮುಟ್ಟಿಸ್ಕೊಂಡು ನಿಂದ್ರೋದು ಸ್ವಾಮಿಗಳ ಕೆಲಸ. ನಾ ಲೆಕ್ಕದ ಮಾಸ್ತರ."

ಅವರನ್ನು ಬದಲಾಯಿಸಲಾಗದಿದ್ದರೆ ಊರನ್ನು ಬದಲಾಯಿಸೋಣ ಎಂದು ಹೊರಟೆ. ಓಣಿಯ ಕೋಚಿಂಗ್ ಸೆಂಟರ್‌ಗಳಿಗೆ ಹೋಗಿ ಅಲ್ಲಿದ್ದ ಹಳೆಯ ವಿದ್ಯಾರ್ಥಿಗಳಿಗೆಲ್ಲ ತಿಳಿಸಿ ಹೇಳಿದೆ: ನಿಮ್ಮ ನಮಸ್ಕಾರದಿಂದ ಮಾಸ್ತರರ ಸೊಂಟ ಮುರಿಯುತ್ತದೆ, ದೂರದಿಂದಲೇ ಕೈ ಮುಗಿಯಿರಿ. ಎಲ್ಲರೂ ಹೌಹಾರಿದರು, ಎಲ್ಲರೂ ಒಪ್ಪಿದರು. ಮರುದಿನ ಬೆಳಿಗ್ಗೆ ಅವರಲ್ಲೊಬ್ಬ ಓಣಿಯಲ್ಲಿ ಮಾಸ್ತರರನ್ನು ಕಂಡು ಓಡಿ ಬಂದ. ಗೊತ್ತಿರಲಿಲ್ಲ ಸರ, ತಪ್ಪಾಯಿತು, ಕ್ಷಮಿಸಿರಿ ಎಂದು ಕ್ಷಮೆ ಕೇಳುವುದಕ್ಕಾಗಿ ಕಾಲಿಗೆ ಬಗ್ಗಿದ. ನಾನು ನಡುವೆ ಹಾರಿ ಮಾಸ್ತರರ ಸೊಂಟದ ಪಟ್ಟಿ ಹಿಡಿದುಕೊಂಡೆ. ಆ ದಿನ ಮನೆಗೆ ಹೋಗಿ, ಈ ವಯಸ್ಸಿನಲ್ಲಿ ಕಲಿಯಬಹುದಾದ ಬೇರೆ ಕಸುಬು ಯಾವುದಿದೆ ಎಂದು ಯೋಚಿಸಿದೆ.

ಒಂಬತ್ತನೆಯ ದಿನ, ಬಗ್ಗಿ ಬಗ್ಗಿ ನನ್ನ ಲೆಕ್ಕ ತಪ್ಪಿತು. ಮೂವತ್ತೊಂದು ಎನ್ನುವಲ್ಲಿ ಮೂವತ್ತು ಎಂದೆ.

"ಮೂವತ್ತೊಂದು" ಎಂದರು ಮಾಸ್ತರರು.

ಧ್ವನಿ ಬೇರೆಯಾಗಿತ್ತು. ತಲೆ ಎತ್ತಿ ನೋಡಿದೆ. ನಿಲುವೂ ಬೇರೆಯಾಗಿತ್ತು. ಎಡಗಾಲು ಒಂದು ಗೇಣು ಮುಂದೆ, ಬಲಗಾಲು ಹಿಂದೆ, ಕಾಲುಗಳ ನಡುವೆ ಅಗಲ, ಕೋಲು ನೆಲಕ್ಕೆ ಊರಿದ್ದು, ಇನ್ನೊಂದು ಕೈಯ ತೋರುಬೆರಳು ನನ್ನ ಹಣೆಯ ಕಡೆಗೆ. ಕರಿಹಲಗೆಯ ಮುಂದೆ ನಿಲ್ಲುತ್ತಿದ್ದ ಹಾಗೆ. ಹಿಂದಿನಿಂದ ಪಟ್ಟಿಯನ್ನು ಮೆಲ್ಲಗೆ ಜಗ್ಗಿ ನೋಡೆಂದು ಮಗಳಿಗೆ ಸನ್ನೆ ಮಾಡಿದೆ. ಜಗ್ಗಿದಳು. ಮಾಸ್ತರರು ಅಲುಗಲಿಲ್ಲ.

"ಸರ, ಕ್ಲಾಸಿನ್ಯಾಗ ಯಾರರ ಕಾಲ್ ಮುಟ್ಟಾಕ ಬಂದ್ರ ಏನ್ ಮಾಡ್ತಿದ್ರಿ?" ಎಂದು ಕೇಳಿದೆ.

"ಕ್ಲಾಸಿನ್ಯಾಗ ಯಾರಿಗಿತ್ತೋ ಅಷ್ಟು ಧೈರ್ಯ?"

ಅಲ್ಲಿಗೆ ನಾನು ಸಂಕೋಚದ ಜತೆ ಜಗಳ ಬಿಟ್ಟೆ. ಅವರ ಮೈಗೆ ನಾನು ಹೊಸದೇನನ್ನೂ ಕಲಿಸಬೇಕಾಗಿರಲಿಲ್ಲ. ಮೂವತ್ತೈದು ವರ್ಷ ನಿಂತ ಒಂದು ನಿಲುವು ಅದರೊಳಗೆ ಇತ್ತು. ಅದನ್ನು ಓಣಿಗೆ ತರಬೇಕಿತ್ತು, ಅಷ್ಟೆ. ಕ್ರಮ ಹೀಗೆ ಗೊತ್ತುಮಾಡಿದೆವು: ಯಾರಾದರೂ ಕೈ ಕೆಳಗೆ ಮಾಡಿಕೊಂಡು ಬರುವುದು ಕಂಡ ಕೂಡಲೇ ನಡಿಗೆ ನಿಲ್ಲಿಸಬೇಕು. ಎಡಗಾಲು ಮುಂದೆ, ಕೋಲು ಊರಬೇಕು. ಬಂದವನು ಬಗ್ಗುವ ಮೊದಲೇ ಒಂದು ಲೆಕ್ಕ ಕೇಳಬೇಕು. ಲೆಕ್ಕವನ್ನು ಅಲ್ಲಿಯೇ ಹುಡುಕಬಾರದು. ಹುಡುಕುವುದರಲ್ಲಿ ಮನಸ್ಸು ತೊಡಗಿದರೆ ಕಾಲು ಕೆಡುತ್ತದೆ. ಉತ್ತರ ಬಾಯಿಪಾಠವಾಗಿರುವ ಆರು ಲೆಕ್ಕಗಳನ್ನು ಮಾಸ್ತರರೇ ಆರಿಸಿಕೊಂಡರು. ಆರಿಸುವಾಗ ಅವರ ಕಣ್ಣಲ್ಲಿ ಕಂಡ ಹಳೆಯ ಕ್ರೌರ್ಯ ನನಗೆ ಬಹಳ ಭರವಸೆ ಕೊಟ್ಟಿತು.

ಮೊದಲ ಪ್ರಯೋಗ ಕ್ಷಮೆ ಕೇಳಲು ಬಂದಿದ್ದವನ ಮೇಲೆಯೇ ಆಯಿತು. ದೊಡ್ಡ ದೊಡ್ಡ ಪರೀಕ್ಷೆಗಳಿಗೆ ಗಣಿತ ಹೇಳಿಕೊಡುವ ಮನುಷ್ಯ. ಅಭ್ಯಾಸಬಲದಿಂದ ಮತ್ತೆ ಕೈ ಕೆಳಗೆ ಮಾಡಿಕೊಂಡು ಬಂದ. "ಹದಿನಾರು ಹದಿನೆಂಟ್ಲೆ ಎಷ್ಟೋ? ನೆಟ್ಟಗ ನಿಂತು ಹೇಳು" ಎಂದರು ಮಾಸ್ತರರು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು, ಕೈಗಳು ಪಕ್ಕಕ್ಕೆ ಹೋದವು, ಕಣ್ಣು ಆಕಾಶಕ್ಕೆ ಏರಿತು. ಇನ್ನೂರಾ ಎಂಬತ್ತೆಂಟು ಎನ್ನುವಷ್ಟರಲ್ಲಿ ಮಾಸ್ತರರು ಬರೋಬ್ಬರಿ ಎಂದು ಹೇಳಿ ಮುಂದೆ ಹೊರಟಿದ್ದರು. ಹಿಂದೆ ಬರುತ್ತಿದ್ದ ಇನ್ನಿಬ್ಬರು ಇದನ್ನು ನೋಡಿ ರಸ್ತೆಯ ಆಚೆ ಬದಿಗೆ ದಾಟಿಕೊಂಡರು. ಓಣಿಯಲ್ಲಿ ಸುದ್ದಿ ಬೇಗ ಹರಡಿತು. ನನ್ನ ವಿನಂತಿಯಿಂದ ಆಗದ ಕೆಲಸ ಮಗ್ಗಿಯ ಭಯದಿಂದ ಆಯಿತು.

ಕಾಯಿಲೆ ಇಲ್ಲಿಗೆ ನಿಲ್ಲುವಂಥದ್ದಲ್ಲ. ಆ ಆರು ಲೆಕ್ಕ ಹೇಳಲೂ ಧ್ವನಿ ಸಾಲದ ದಿನ ಬರುತ್ತದೆ. ಅದು ನನಗೂ ಗೊತ್ತು, ಮಾಸ್ತರರಿಗೆ ನನಗಿಂತ ಚೆನ್ನಾಗಿ ಗೊತ್ತು. ಕುರ್ಚಿ ಮೆಟ್ಟಿಲ ಕೆಳಗೇ ಇದೆ. ಸದ್ಯಕ್ಕೆ ಅದರ ಮೇಲೆ ಹಳೆಯ ಪತ್ರಿಕೆಗಳು ಕೂತಿವೆ.

ಹದಿನೈದನೆಯ ದಿನ ಮಗಳು ಬಂದು ನೋಡುತ್ತೇನೆ ಎಂದಿದ್ದಳು. ನಾನು ಮಳಿಗೆಯ ಬಾಗಿಲು ತೆಗೆದು ಓಣಿಗೆ ಬರುವಷ್ಟರಲ್ಲಿ ತಂದೆ ಮಗಳು ಅರ್ಧ ದಾರಿ ಬಂದಿದ್ದರು. ಸೊಂಟದ ಪಟ್ಟಿ ಇರಲಿಲ್ಲ. ಅವಳು ಕೈಕಟ್ಟಿಕೊಂಡು ಎರಡು ಹೆಜ್ಜೆ ಹಿಂದಿದ್ದಳು. ಮಾಸ್ತರರು ಬೈಕುಗಳನ್ನು ದಾಟಿ ಬರುವುದನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟೆಲ್ಲ ಆದಮೇಲೂ, ಈ ಕಥೆಯನ್ನೆಲ್ಲ ಬರೆಯುತ್ತಿರುವ ಈ ಮನುಷ್ಯನ ಕೈ ತಾನಾಗಿಯೇ ಕೆಳಗೆ ಹೋಯಿತು.

ಎಡಗಾಲು ಮುಂದೆ ಬಂತು. ಕೋಲು ಊರಿತು.

"ಹದಿನೇಳು ಹತ್ತೊಂಬತ್ಲೆ ಎಷ್ಟೋ?"

ನಾನು ನೆಟ್ಟಗೆ ನಿಂತೆ. ಹದಿನೇಳು ಇಪ್ಪತ್ಲೆ ಮುನ್ನೂರಾ ನಲವತ್ತು, ಅದರಲ್ಲಿ ಏನನ್ನೋ ಕಳೆಯಬೇಕು. ಹದಿನೇಳನ್ನೋ ಹತ್ತೊಂಬತ್ತನ್ನೋ? ಮಗಳು ನನ್ನನ್ನು ಹಾದು ಹೋಗುವಾಗ ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಮುನ್ನೂರಾ ಇಪ್ಪತ್ಮೂರು ಎಂದು ನನಗೆ ಹೊಳೆಯುವ ಹೊತ್ತಿಗೆ ಮಾಸ್ತರರು ಚರಂಡಿಯ ಕಲ್ಲು ದಾಟಿ, ಅಗಲವಾದ ಸುತ್ತು ಹಾಕಿ, ಮಗಳ ತೋಳು ಹಿಡಿದು ಮೂರು ಮೆಟ್ಟಿಲು ಹತ್ತಿ, ಬೆಂಚಿನ ಮೇಲೆ ಕೂತು, ನಿನ್ನೆಯ ಪತ್ರಿಕೆಯನ್ನು ಬಿಡಿಸಿದ್ದರು.

ಅಂದು ಸಂಜೆ ನೋಟ್‌ಬುಕ್ ನೋಡಿದೆ. ಅಮ್ಮಾವ್ರು ಮೊದಲ ಬಾರಿಗೆ ಕಾಲಂಗಳ ಒಳಗೇ ಬರೆದಿದ್ದರು. ಭಾನುವಾರ, ಬೆಳಿಗ್ಗೆ, ಓಣಿ, ಗುಳಿಗೆ ನುಂಗಿ ಮುಕ್ಕಾಲು ಗಂಟೆ. ಕೊನೆಯ ಕಾಲಮ್ಮಿನಲ್ಲಿ:

"ಬೀಳಲಿಲ್ಲ. ಡಾಕ್ಟರು ನಿಂತಿದ್ದರು."